ದುಡ್ಡಿನ ಇಂಗ್ಲಿಷು ಕಲಿತ ಬಗೆ

ರಫ್ತು ವ್ಯಾಪಾರದ ಇಂಗ್ಲಿಷಿನಲ್ಲಿ ‘ಅಬೌಟ್’ ಎಂಬ ಪದಕ್ಕೆ ಶೇ 10ರ ತೂಕವಿದೆ. ವಿದೇಶದ ಗಿರಾಕಿ ತನ್ನ ಬ್ಯಾಂಕಿನ ಮೂಲಕ ಕಳಿಸುವ ಹಣಪಾವತಿಯ ಖಾತರಿಪತ್ರವಾದ ಲೆಟರ್ ಆಫ್ ಕ್ರೆಡಿಟ್‌ನಲ್ಲಿ 50,000 ಡಾಲರ್ ಎಂದಷ್ಟೇ ಇದ್ದರೆ ಅದಕ್ಕಿಂತ ಒಂದು ಡಾಲರ್ ಹೆಚ್ಚಿಗೆ ಬಿಲ್ಲು ಮಾಡುವ ಹಾಗಿಲ್ಲ. ಆ ಮೊತ್ತದ ಹಿಂದೆ ‘ಅಬೌಟ್’ ಸೇರಿದ್ದರೆ 45,000ದಿಂದ 55,000ದ ಒಳಗೆ ಎಷ್ಟಕ್ಕಾದರೂ ಮಾಡಬಹುದು. ಪ್ಯಾರಿಸ್‌ನ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ ಹೊರತಂದಿರುವ ನಿಯಮಾವಳಿಯಲ್ಲಿ ಹೀಗೆಂದು ಬರೆದಿದೆ, ಲೋಕದ ಬ್ಯಾಂಕುಗಳೆಲ್ಲ ಅದರಂತೆ ನಡೆಯುತ್ತವೆ. ಅದೇ ನಿಯಮಾವಳಿಯಲ್ಲಿ ತಿಂಗಳ ‘ಬಿಗಿನಿಂಗ್’ ಎಂದರೆ 1ರಿಂದ 10ನೇ ತಾರೀಕು, ‘ಮಿಡ್ಲ್’ ಎಂದರೆ 11ರಿಂದ 20, ‘ಎಂಡ್’ ಎಂದರೆ 21ರಿಂದ ತಿಂಗಳ ಕೊನೆಯ ದಿನ. ಸರಕು ತಿಂಗಳ ‘ಮಿಡ್ಲ್’ನಲ್ಲಿ ಹಡಗು ಹತ್ತಬೇಕು ಎಂದಿದ್ದು ಅದು 21ಕ್ಕೆ ಹತ್ತಿದರೆ ಬ್ಯಾಂಕು ಹಣ ಕೊಡಬೇಕಾಗಿಲ್ಲ.

1980ರ ದಶಕದ ಕೊನೆಯಲ್ಲಿ, ಮಂಗಳೂರಿನ ಒಂದು ಗೇರುಬೀಜ ರಫ್ತು ಕಚೇರಿಯ ದಾಖಲೆ ವಿಭಾಗದಲ್ಲಿ ಕೂತು ನಾನು ಇದನ್ನು ಕಲಿತೆ. ಲಂಡನ್ನಿನಲ್ಲಿ ಹುಟ್ಟಿದವನಿಗೂ ‘ಅಬೌಟ್’ ಎಂದರೆ ಶೇ 10 ಎಂದು ತಾನಾಗಿ ಹೊಳೆಯುವುದಿಲ್ಲ. ಅವನೂ ನನ್ನ ಹಾಗೆಯೇ ಯಾರದೋ ಮೇಜಿನ ಪಕ್ಕ ಕೂತು ಕಲಿಯಬೇಕು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಬಲ್ಲವರ ನಡುವೆ ತಲೆ ತಗ್ಗಿಸಿ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದ ಹುಡುಗನಿಗೆ ಇದರಿಂದ ಬಂದ ಧೈರ್ಯ ಬಹಳ ದೊಡ್ಡದು. ದುಡ್ಡಿನ ಇಂಗ್ಲಿಷು ಯಾರ ತಾಯ್ನುಡಿಯೂ ಅಲ್ಲ ಎಂದು ಅಂದಿನಿಂದ ನಂಬಿದ್ದೇನೆ. ಅದನ್ನು ಕಲಿಯುವುದಕ್ಕೆ ಬೇಕಾದ ಅರ್ಧ ಬಂಡವಾಳ ನಮ್ಮ ಊರಿನ ಜಗಲಿಯಲ್ಲೇ ಇತ್ತು ಎಂಬುದು ಸ್ವಲ್ಪ ತಡವಾಗಿ ತಿಳಿಯಿತು.

ನಾನು ಹುಟ್ಟಿದ್ದು ಪುತ್ತೂರು ತಾಲೂಕಿನ ಅಡಿಕೆ ತೋಟದ ಮನೆಯಲ್ಲಿ. ಮನೆಯಲ್ಲಿ ಇಂಗ್ಲಿಷ್ ಪುಸ್ತಕ ಎಂದರೆ ಅಣ್ಣನ ಹೈಸ್ಕೂಲು ಪಠ್ಯ ಒಂದೇ. ದುಡ್ಡಿನ ಮಾತಿಗೆ ಮಾತ್ರ ಬರವಿರಲಿಲ್ಲ. ಅಂಗಳದಲ್ಲಿ ಅಡಿಕೆ ಒಣಗಿದ ಮೇಲೆ ಪ್ರತಿ ವರ್ಷವೂ ಒಂದು ಚರ್ಚೆ ಏಳುತ್ತಿತ್ತು: ಹೊಸ ಅಡಿಕೆಯಾಗಿಯೇ ಈಗ ಕೊಟ್ಟುಬಿಡುವುದೋ, ಇಟ್ಟು ಮುಂದಿನ ವರ್ಷಕ್ಕೆ ಚೋಲ್ ಮಾಡುವುದೋ? ಇನ್ನೂ ಒಂದು ವರ್ಷ ತಡೆದುಕೊಂಡರೆ ಅದು ಡಬಲ್ ಚೋಲ್. ಹಳತಾದಷ್ಟೂ ಧಾರಣೆ ಹೆಚ್ಚು. ಆದರೆ ಇಟ್ಟದ್ದಕ್ಕೆ ಹುಳ ಬೀಳಬಹುದು, ತೂಕ ಇಳಿಯುತ್ತದೆ, ಅಷ್ಟರವರೆಗೆ ಕೂಲಿಗೂ ಮನೆ ಖರ್ಚಿಗೂ ಸಾಲ ತಂದರೆ ಬಡ್ಡಿ ಓಡುತ್ತದೆ. ತಂದೆ ಇದನ್ನೆಲ್ಲ ಬೆರಳಲ್ಲಿ ಎಣಿಸಿ, ಎಷ್ಟು ಇಡುವುದು ಎಷ್ಟು ಮಾರುವುದು ಎಂದು ಪಾಲು ಮಾಡುತ್ತಿದ್ದರು. ಅವರ ಮನಸ್ಸಿನಲ್ಲಿ ಒಂದು ಭಯ ಸದಾ ಇತ್ತು. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿದಾಗ ನಮ್ಮ ಸೀಮೆಯ ಎಷ್ಟೋ ಮನೆಗಳು ತತ್ತರಿಸಿದ್ದವು. ಆ ಸಂಕಟದಿಂದಲೇ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಬೆಳೆಗಾರರ ಸಹಕಾರಿ ಸಂಸ್ಥೆಯೊಂದು ಪೇಟೆಗೆ ಇಳಿದು ಖರೀದಿ ಮಾಡಿದರೆ ಖಾಸಗಿ ವ್ಯಾಪಾರಿಯೂ ಧಾರಣೆಯನ್ನು ಒಂದು ಮಟ್ಟಕ್ಕಿಂತ ಕೆಳಗೆ ಎಳೆಯಲಾರ ಎಂಬುದನ್ನು ನಮ್ಮ ಮನೆಯ ಹೆಂಗಸರೂ ವಿವರಿಸಬಲ್ಲವರಾಗಿದ್ದರು.

ಬ್ಯಾಂಕಿನ ಮಾತೂ ಹಾಗೆಯೇ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಇಷ್ಟೂ ಬ್ಯಾಂಕುಗಳು ಹುಟ್ಟಿದ್ದು ಆಗಿನ ಅವಿಭಜಿತ ದಕ್ಷಿಣ ಕನ್ನಡದ ನೆಲದಲ್ಲಿ, 1906ರಿಂದ 1931ರ ಒಳಗೆ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರುಮಾಡಿದ ಪಿಗ್ಮಿ ಠೇವಣಿಯ ಏಜೆಂಟರು ಬೀಡಿ ಕಟ್ಟುವವರ ಮನೆಗೂ ಹೋಗಿ ದಿನದ ದುಡ್ಡು ಪಡೆದು ಪುಸ್ತಕದಲ್ಲಿ ಬರೆದು ಕೊಡುತ್ತಿದ್ದರು. ಓದು ಬಾರದ ನಮ್ಮ ಅತ್ತೆಗೆ ಶೂರಿಟಿ ಎಂದರೇನು, ರಿನೀವಲ್ ಎಂದರೇನು, ಅವಧಿಗೆ ಮುಂಚೆ ಎಫ್‌ಡಿ ಮುರಿದರೆ ಬಡ್ಡಿ ಎಷ್ಟು ಕಡಿಮೆಯಾಗುತ್ತದೆ ಎಂಬುದೆಲ್ಲ ಗೊತ್ತಿತ್ತು. ಅವರು ಆ ಪದಗಳನ್ನು ಇಂಗ್ಲಿಷ್ ಎಂದು ಎಣಿಸಿದವರೇ ಅಲ್ಲ.

ಇಷ್ಟೆಲ್ಲ ಇಟ್ಟುಕೊಂಡು ಬಿ.ಕಾಂ.ಗೆ ಸೇರಿದ ನನ್ನಂಥವರು ಮೊದಲ ವರ್ಷ ಪಟ್ಟ ಕಷ್ಟ ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಪಾಠ ಇಂಗ್ಲಿಷಿನಲ್ಲಿ. ಪುಸ್ತಕ ಕೆ.ಕೆ. ದೇವೆಟ್ ಅವರದು, ಭಾರತದ ಅರ್ಥವ್ಯವಸ್ಥೆಗೆ ರುದ್ದರ್ ದತ್ತ್ ಮತ್ತು ಸುಂದರಂ ಅವರದು. ಒಳ್ಳೆಯ ಪುಸ್ತಕಗಳೇ. ಆದರೆ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವುದೇ ಓದು ಎಂದು ನಮಗೆ ಹೇಳಿಕೊಟ್ಟಿದ್ದರು. ಅಡಿಕೆ ಇಡುವುದೋ ಕೊಡುವುದೋ ಎಂದು ಅಪ್ಪನ ಜೊತೆ ಕೂತು ಲೆಕ್ಕ ಹಾಕಿದ ಹುಡುಗ ‘ಆಪರ್ಚುನಿಟಿ ಕಾಸ್ಟ್’ ಎಂಬ ತಲೆಬರಹ ಕಂಡರೆ ಹೆದರುತ್ತಿದ್ದ. ಎರಡೂ ಒಂದೇ ವಿಷಯ ಎಂದು ಹೇಳುವವರು ಬೇಕಿತ್ತು.

ಹೇಳುವವರು ಎರಡನೇ ವರ್ಷ ಸಿಕ್ಕರು. ಅರ್ಥಶಾಸ್ತ್ರ ಕಲಿಸುತ್ತಿದ್ದ ಆ ಮೇಷ್ಟ್ರು ಕ್ಲಾಸಿಗೆ ‘ಉದಯವಾಣಿ’ ಹಿಡಿದುಕೊಂಡು ಬರುತ್ತಿದ್ದರು. ಅದರಲ್ಲಿನ ಅಡಿಕೆ, ಕೊಬ್ಬರಿ, ಕರಿಮೆಣಸಿನ ಧಾರಣೆಯನ್ನು ಬೋರ್ಡಿನ ಮೇಲೆ ಬರೆದು, ನಿನ್ನೆಯದನ್ನು ಪಕ್ಕದಲ್ಲಿಟ್ಟು, “ಈಗ ಇದನ್ನು ಇಂಗ್ಲಿಷಿನಲ್ಲಿ ಹೇಳಿ ನೋಡೋಣ” ಎನ್ನುತ್ತಿದ್ದರು. ಕಿಲೋಗೆ 20 ರೂಪಾಯಿ ಇದ್ದದ್ದು 22 ಆಗಿದೆ ಎನ್ನೋಣ. ‘ರೋಸ್ ಬೈ’ ಎಂದರೆ ಎರಡು ರೂಪಾಯಿ. ‘ರೋಸ್ ಟು’ ಎಂದರೆ ಇಪ್ಪತ್ತೆರಡು. ‘ಬೈ’ ಹೇಳಬೇಕಾದಲ್ಲಿ ‘ಟು’ ಹೇಳಿದರೆ ಅಡಿಕೆ ಎರಡೇ ರೂಪಾಯಿಗೆ ಬಂದು ನಿಂತ ಹಾಗಾಗುತ್ತದೆ. “ಕನ್ನಡದಲ್ಲಿ ‘ಎರಡು ರೂಪಾಯಿ ಏರಿತು’, ‘ಇಪ್ಪತ್ತೆರಡಕ್ಕೆ ಏರಿತು’ ಅಂತ ನೀವು ಯಾರೂ ತಪ್ಪದೆ ಹೇಳ್ತೀರಿ. ಅಲ್ಲಿ ‘ಕ್ಕೆ’ ಮಾಡುವ ಕೆಲಸವನ್ನೇ ಇಲ್ಲಿ ‘ಟು’ ಮಾಡ್ತದೆ, ಅಷ್ಟೇ” ಎನ್ನುವರು. ದಪ್ಪ ದಪ್ಪ ಪದಗಳ ಹಿಂದೆ ಓಡುತ್ತಿದ್ದ ನಮ್ಮ ಗಮನ ಅಂದಿನಿಂದ ಈ ಸಣ್ಣ ಪದಗಳ ಮೇಲೆ ನಿಂತಿತು.

ಆಮೇಲೆ ಕ್ರಿಯಾಪದಗಳನ್ನು ಅವರು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದರು. ಧಾರಣೆ ತುಸುವೇ ಮೇಲೆ ಸರಿದರೆ ‘ಎಡ್ಜ್ಡ್ ಅಪ್’. ಸಾಮಾನ್ಯ ಏರಿಕೆಗೆ ‘ರೋಸ್’. ಒಮ್ಮೆಲೇ ಏರಿದರೆ ‘ಸರ್ಜ್ಡ್’, ಕೈಗೆಟುಕದಷ್ಟಾದರೆ ‘ಸೋರ್ಡ್’. ಕೆಳಗಿನ ದಿಕ್ಕಿಗೆ ‘ಡಿಪ್ಡ್’, ‘ಸ್ಲಿಪ್ಡ್’, ‘ಫೆಲ್’, ‘ಸ್ಲಂಪ್ಡ್’, ‘ಕ್ರ್ಯಾಶ್ಡ್’. ಅಲ್ಲಾಡದೆ ನಿಂತರೆ ‘ಸ್ಟೆಡಿ’. ಬಿದ್ದೀತೆಂಬ ಅಂಜಿಕೆಯನ್ನು ಮೀರಿ ಗಟ್ಟಿಯಾಗಿ ನಿಂತರೆ ‘ಫರ್ಮ್’. ನಮ್ಮ ಪತ್ರಿಕೆಯಲ್ಲೂ ‘ತುಸು ಚೇತರಿಕೆ’, ‘ಸ್ಥಿರ’, ‘ಮಂದ’, ‘ಕುಸಿತ’ ಎಂದು ಬರುತ್ತಿತ್ತು. ಒಂದೊಂದಕ್ಕೂ ಎದುರು ಪದ ಹುಡುಕುವುದು ನಮಗೆ ಹಬ್ಬವಾಯಿತು. ‘ಎಲಾಸ್ಟಿಸಿಟಿ’ಯನ್ನೂ ಅವರು ಹೀಗೆಯೇ ಹೇಳಿಕೊಟ್ಟರು: ಉಪ್ಪಿನ ಬೆಲೆ ಎರಡು ಪಟ್ಟಾದರೆ ನಿಮ್ಮ ಮನೆಯಲ್ಲಿ ಉಪ್ಪು ಹಾಕುವುದು ಅರ್ಧಕ್ಕೆ ಇಳಿಯುತ್ತದೆಯೇ? ಸಿನಿಮಾ ಟಿಕೇಟು ಎರಡು ಪಟ್ಟಾದರೆ? ಈ ಎರಡು ಪ್ರಶ್ನೆಗೆ ಉತ್ತರ ಹೇಳಿದ ಮೇಲೆ ಪುಸ್ತಕದ ಪುಟ ತಾನಾಗಿ ಬಿಚ್ಚಿಕೊಂಡಿತು. ಅವರು ಕನ್ನಡದಲ್ಲಿ ವಿಷಯ ಹೇಳಿ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿಸುತ್ತಿದ್ದರು. ಈ ಕ್ರಮ ಸರಿ ಎಂದು ನಾನು ಇಂದಿಗೂ ವಾದಿಸುತ್ತೇನೆ.

ಡಿಗ್ರಿ ಮುಗಿಸಿ ಸೇರಿದ ಕಚೇರಿಯಲ್ಲಿ ದಾಖಲೆ ವಿಭಾಗದ ಹಿರಿಯರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಕೆಲಸ ಕಲಿಸುವುದಕ್ಕೆ ಅವರು ನನ್ನ ಮುಂದೆ ಇಟ್ಟದ್ದು ಹಳೆಯ ಪತ್ರಗಳ ಫೈಲುಗಳನ್ನು. “ಡಿಕ್ಷನರಿ ಆಮೇಲೆ ನೋಡು ಮಾರಾಯ, ಮೊದಲು ಇದನ್ನು ಓದು. ಯಾವ ಮಾತಿಗೆ ಗಿರಾಕಿ ಏನು ಉತ್ತರ ಬರೆದಿದ್ದಾನೆ ನೋಡು. ಪದಕ್ಕೆ ಅರ್ಥ ಅಲ್ಲಿ ಉಂಟು” ಎಂದರು. ನಾನು “ಆಯಿತು ರಾಯರೇ” ಎಂದು ಓದತೊಡಗಿದೆ. ರಾಟರ್‌ಡ್ಯಾಮಿಗೆ, ನ್ಯೂಯಾರ್ಕಿಗೆ ಬರೆದ ಪತ್ರಗಳು, ಅವುಗಳಿಗೆ ಬಂದ ಮಾರುತ್ತರಗಳು, ಕೊನೆಗೆ ಬ್ಯಾಂಕಿನ ಸಲಹಾ ಪತ್ರ. ಒಂದು ವ್ಯವಹಾರದ ಹುಟ್ಟಿನಿಂದ ಮುಗಿತಾಯದವರೆಗೆ ಒಂದೇ ದಾರದಲ್ಲಿ ಕಟ್ಟಿಟ್ಟಿದ್ದರು.

ಆ ಫೈಲುಗಳಿಂದ ಮೊದಲು ತಿಳಿದದ್ದು ಇದು: ವ್ಯಾಪಾರದ ಇಂಗ್ಲಿಷಿನಲ್ಲಿ ನಾಮಪದಕ್ಕೆ ಜೊತೆಗಾರ ಕ್ರಿಯಾಪದ ಗೊತ್ತಾಗಿರುತ್ತದೆ. ಲೆಟರ್ ಆಫ್ ಕ್ರೆಡಿಟ್ ಅನ್ನು ‘ಓಪನ್’ ಮಾಡುತ್ತಾರೆ. ಬಿಲ್ಲನ್ನು ಗಿರಾಕಿಯ ಮೇಲೆ ‘ಡ್ರಾ’ ಮಾಡುತ್ತಾರೆ. ಗಿರಾಕಿ ಅದನ್ನು ‘ಆಕ್ಸೆಪ್ಟ್’ ಮಾಡುತ್ತಾನೆ, ಅವಧಿ ಬಂದಾಗ ‘ಆನರ್’ ಮಾಡುತ್ತಾನೆ. ದಾಖಲೆಗಳನ್ನು ಬ್ಯಾಂಕು ‘ನೆಗೋಷಿಯೇಟ್’ ಮಾಡುತ್ತದೆ. ಇಲ್ಲಿ ಆ ಪದಕ್ಕೆ ಚೌಕಾಶಿಯ ಅರ್ಥ ಏನೇನೂ ಇಲ್ಲ, ದಾಖಲೆ ಪರಿಶೀಲಿಸಿ ಹಣ ಮುಂಗಡವಾಗಿ ಕೊಡುವುದು ಅಷ್ಟೆ. ನಾನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಹೀಗೆ ಜೋಡಿಗಳನ್ನು ಬರೆದುಕೊಂಡೆ. ಒಂಟಿ ಪದ ಬರೆಯಲಿಲ್ಲ. ಪಕ್ಕದಲ್ಲಿ ಅರ್ಥದ ಬದಲು ಆ ಮಾತು ಯಾವ ಕಾಗದದಲ್ಲಿ ಬಂತು, ಅದರಿಂದ ಏನು ನಡೆಯಿತು ಎಂದು ಕನ್ನಡದಲ್ಲಿ ಒಂದು ಸಾಲು. ಇಂಗ್ಲಿಷ್ ಕಲಿಯಲು ನಾನು ಬಳಸಿದ ಉಪಾಯಗಳಲ್ಲೆಲ್ಲ ಹೆಚ್ಚು ಫಲ ಕೊಟ್ಟದ್ದು ಇದೇ.

ಸರಕಿನ ಹೆಸರುಗಳೇ ಒಂದು ಲೋಕ. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಬಿಡಿಸಿ ತಿರುಳನ್ನು ದರ್ಜೆ ಮಾಡುವ ಸಾಲು ಸಾಲು ಹೆಂಗಸರು ತುಳುವಿನಲ್ಲಿ ಮಾತಾಡುತ್ತಲೇ ‘ಡಬ್ಲ್ಯು ತ್ರೀ ಟ್ವೆಂಟಿ’, ‘ಡಬ್ಲ್ಯು ಟೂ ಫಾರ್ಟಿ’ ಎನ್ನುತ್ತಿದ್ದರು. ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬಿಳಿ ಬೀಜ. 240 ಎಂದರೆ 220ರಿಂದ 240. 180 ಎಂದರೆ ಎಲ್ಲಕ್ಕಿಂತ ದಪ್ಪದ್ದು. ಸಂಖ್ಯೆ ಕಡಿಮೆಯಾದಷ್ಟೂ ಬೆಲೆ ಹೆಚ್ಚು. ಹುರಿಯುವಾಗ ಬಣ್ಣ ತಿರುಗಿದ್ದು ‘ಸ್ಕಾರ್ಚ್ಡ್’. ಉದ್ದಕ್ಕೆ ಸೀಳಿದ್ದು ‘ಸ್ಪ್ಲಿಟ್ಸ್’, ಅಡ್ಡಕ್ಕೆ ಮುರಿದದ್ದು ‘ಬಟ್ಸ್’, ತೀರಾ ಸಣ್ಣ ಚೂರು ‘ಬೇಬಿ ಬಿಟ್ಸ್’. ಈ ಹೆಂಗಸರ ಕಣ್ಣು ಮತ್ತು ಬೆರಳು ತೀರ್ಮಾನ ಮಾಡಿದ ಮೇಲೆಯೇ ನಮ್ಮ ಇನ್‌ವಾಯ್ಸಿನಲ್ಲಿ ಆ ಪದ ಕೂರುತ್ತಿತ್ತು. 25 ಪೌಂಡಿನ ತಗಡಿನ ಡಬ್ಬ, ಎರಡು ಡಬ್ಬಕ್ಕೆ ಒಂದು ಪೆಟ್ಟಿಗೆ. ನ್ಯೂಯಾರ್ಕಿನ ವ್ಯಾಪಾರಿಯ ಬಾಯಲ್ಲಿದ್ದ ಪದವನ್ನು ಶಾಲೆಗೆ ಹೋಗದ ಆ ಅಕ್ಕಂದಿರು ಅವನಷ್ಟೇ ಖಚಿತವಾಗಿ ಬಳಸುತ್ತಿದ್ದರು. ಆರ್ಥಿಕ ಪದ ಸಂಪತ್ತಿನ ಬಗ್ಗೆ ಯಾರಾದರೂ ದೊಡ್ಡ ಮಾತಾಡಿದರೆ ನನಗೆ ಅವರ ನೆನಪು ಬರುತ್ತದೆ.

ಟೆಲೆಕ್ಸ್ ಕಾಲ ಅದು. ಯಂತ್ರ ಓಡಿದಷ್ಟು ಹೊತ್ತಿಗೆ ದುಡ್ಡು, ಹಾಗಾಗಿ ಮಾತು ಮೊಟಕು. ‘ಪ್ಲೀಸ್’, ‘ಕನ್‌ಫರ್ಮ್’, ‘ರಿಗಾರ್ಡ್ಸ್’ ಎಲ್ಲವೂ ಸ್ವರ ಕಳೆದುಕೊಂಡು ಮೂರು ನಾಲ್ಕು ಅಕ್ಷರಕ್ಕೆ ಇಳಿಯುತ್ತಿದ್ದವು. ಆದರೆ ಕೆಲವು ಪದಗಳನ್ನು ರಾಯರು ಮುಟ್ಟಲು ಬಿಡುತ್ತಿರಲಿಲ್ಲ. ‘ಫರ್ಮ್’ ಎಂದು ಬೆಲೆ ಕಳಿಸಿದರೆ ಗಿರಾಕಿ ಹೂಂ ಎಂದ ಗಳಿಗೆಯಿಂದ ನಾವು ಕಟ್ಟಿಬಿದ್ದೆವು. ‘ಸಬ್ಜೆಕ್ಟ್ ಟು ಅವರ್ ಕನ್‌ಫರ್ಮೇಷನ್’ ಎಂದು ಸೇರಿಸಿದರೆ ಇನ್ನೂ ಬಾಗಿಲು ತೆರೆದಿದೆ. ‘ಎಫ್‌ಒಬಿ’ ಆದ ಮೇಲೆ ಸರಕು ಹೊರಡುವ ಬಂದರಿನ ಹೆಸರು ಬರಬೇಕು, ‘ಸಿಐಎಫ್’ ಆದ ಮೇಲೆ ಮುಟ್ಟುವ ಬಂದರಿನದು. ಎಫ್‌ಒಬಿ ಮಂಗಳೂರು ಎಂದರೆ ಪಣಂಬೂರಿನ ಬಂದರಿನಲ್ಲಿ ಹಡಗು ಹತ್ತಿಸುವ ತನಕದ ಖರ್ಚು ನಮ್ಮದು. ಸಿಐಎಫ್ ರಾಟರ್‌ಡ್ಯಾಮ್ ಎಂದರೆ ಹಡಗಿನ ಬಾಡಿಗೆ, ವಿಮೆ ಸಹ ನಮ್ಮ ಬೆಲೆಯೊಳಗೆ. ಇವುಗಳ ಅರ್ಥವನ್ನು 1936ರಿಂದಲೂ ‘ಇನ್‌ಕೋಟರ್ಮ್ಸ್’ ಎಂಬ ಹೆಸರಿನಲ್ಲಿ ಅದೇ ಪ್ಯಾರಿಸ್ ಸಂಸ್ಥೆ ಗೊತ್ತುಮಾಡುತ್ತ ಬಂದಿದೆ.

ಹಣ ಕೊಡಲು ಗಿರಾಕಿಗೆ ಸಿಗುವ ‘ತೊಂಬತ್ತು ದಿನ’ ಎಂಬ ಮಾತನ್ನೇ ನೋಡಿ. ಬಿಲ್ಲಿನಲ್ಲಿ ‘ಆಫ್ಟರ್ ಸೈಟ್’ ಎಂದಿದ್ದರೆ ಗಿರಾಕಿಗೆ ಬಿಲ್ಲು ತೋರಿಸಿದ ದಿನದಿಂದ ಎಣಿಕೆ. ಬಿಲ್ ಆಫ್ ಲೇಡಿಂಗ್‌ನ (ಸರಕು ಹತ್ತಿಸಿಕೊಂಡದ್ದಕ್ಕೆ ಹಡಗಿನವರು ಕೊಡುವ ರಸೀತಿ) ತಾರೀಕಿನಿಂದ ಎಂದಿದ್ದರೆ ಸರಕು ಹಡಗು ಹತ್ತಿದ ದಿನದಿಂದ. ನಡುವೆ ಮೂರು ನಾಲ್ಕು ವಾರದ ವ್ಯತ್ಯಾಸ ಬರಬಹುದು. ಅಷ್ಟು ದಿನ ಬ್ಯಾಂಕಿನ ಬಡ್ಡಿ ಕಟ್ಟುವವರು ನಾವು. ಹಾಗೆಯೇ ‘ಕ್ಲೀನ್’ ಬಿಲ್ ಆಫ್ ಲೇಡಿಂಗ್. ಡಬ್ಬ ನೆಗ್ಗಿದೆ, ಪೆಟ್ಟಿಗೆ ಒದ್ದೆಯಾಗಿದೆ ಎಂಬಂಥ ಷರಾ ಹಡಗಿನವರು ಹಾಕದೆ ಇದ್ದರೆ ಅದು ಕ್ಲೀನ್. ಒಮ್ಮೆ ನಮ್ಮ ದಾಖಲೆಗಳನ್ನು ವಿದೇಶದ ಒಂದು ಬ್ಯಾಂಕು ತಿರುಗಿಸಿ ಕಳಿಸಿತು: ಇನ್‌ವಾಯ್ಸಿನಲ್ಲಿ ಸರಕಿನ ವಿವರಣೆ ಲೆಟರ್ ಆಫ್ ಕ್ರೆಡಿಟ್‌ನ ಮಾತಿಗೆ ಅಕ್ಷರಶಃ ಹೊಂದುವುದಿಲ್ಲ ಎಂದು. ಸರಕಿನಲ್ಲಿ ಏನೂ ದೋಷ ಇರಲಿಲ್ಲ. ಆದರೆ ಬ್ಯಾಂಕಿಗೆ ಗೇರುಬೀಜ ಕಾಣುವುದಿಲ್ಲ, ಕಾಗದ ಮಾತ್ರ ಕಾಣುತ್ತದೆ. ಇದಕ್ಕೆ ಅವರ ಪದ ‘ಡಿಸ್ಕ್ರೆಪೆನ್ಸಿ’. ಹಣ ಬಂತು, ತಡವಾಗಿ. ಆ ಕಾಯುವಿಕೆಯಲ್ಲಿ ಕಲಿತ ಪದ ಯಾವ ಪರೀಕ್ಷೆಗೆ ಓದಿದ್ದಕ್ಕಿಂತಲೂ ಆಳವಾಗಿ ಕೂತಿದೆ.

ಕನ್ನಡದಿಂದ ಬಂದವರಿಗೆ ತೊಡಕಾಗುವ ಕೆಲವು ಜಾಗಗಳನ್ನು ಇಲ್ಲಿಯೇ ಹೇಳಿಬಿಡಬೇಕು. ನಮಗೆ ‘ಸಾಲ’ ಒಂದೇ. ಕೊಡುವುದೂ ಸಾಲ, ತರುವುದೂ ಸಾಲ. ಇಂಗ್ಲಿಷಿನಲ್ಲಿ ಕೊಡುವುದು ‘ಲೆಂಡ್’, ತರುವುದು ‘ಬಾರೋ’. ಹೇಳುವಾಗಲೇ ದುಡ್ಡು ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಗೊತ್ತಿರಬೇಕು. ‘ಡೆಬಿಟ್’ ‘ಕ್ರೆಡಿಟ್’ ಕಾಮರ್ಸ್ ವಿದ್ಯಾರ್ಥಿಗಳನ್ನು ತಲೆಮಾರುಗಳಿಂದ ಗೋಳಾಡಿಸಿವೆ. ನಾನು ಬ್ಯಾಂಕಿಗೆ ಸಾವಿರ ರೂಪಾಯಿ ಕಟ್ಟಿದರೆ ನನ್ನ ಲೆಕ್ಕದ ಪುಸ್ತಕದಲ್ಲಿ ಬ್ಯಾಂಕಿನ ಖಾತೆಗೆ ಡೆಬಿಟ್. ಬ್ಯಾಂಕು ಕೊಡುವ ಪಾಸ್‌ಬುಕ್ಕಿನಲ್ಲಿ ಅದೇ ಸಾವಿರ ಕ್ರೆಡಿಟ್. ಏಕೆಂದರೆ ಪಾಸ್‌ಬುಕ್ಕು ನಮ್ಮ ಕೈಯಲ್ಲಿದ್ದರೂ ಅದು ಬ್ಯಾಂಕಿನ ಪುಸ್ತಕದ ನಕಲು, ಬ್ಯಾಂಕಿಗೆ ನಾನು ಸಾಲ ಕೊಟ್ಟವನು. ಇದನ್ನು ಯಾರೂ ಬಿಡಿಸಿ ಹೇಳದೆ ಪದಗಳನ್ನು ಮಾತ್ರ ಉರುಹೊಡೆಸಿದರೆ ಮಕ್ಕಳಿಗೆ ತಾವೇ ದಡ್ಡರು ಅನ್ನಿಸುತ್ತದೆ. ‘ಪ್ರೈಸ್’, ‘ಕಾಸ್ಟ್’ ಎರಡಕ್ಕೂ ನಾವು ‘ಬೆಲೆ’ ಎಂದು ಬಿಡುತ್ತೇವೆ. ಕಾರ್ಖಾನೆಯಲ್ಲಿ ಒಂದು ಪೌಂಡು ತಿರುಳಿಗೆ ಬಿದ್ದ ಅಸಲು ‘ಕಾಸ್ಟ್’, ಗಿರಾಕಿಗೆ ಹೇಳಿದ್ದು ‘ಪ್ರೈಸ್’, ಎರಡರ ನಡುವಿನದು ಅಷ್ಟೂ ಜನರ ಹೊಟ್ಟೆಪಾಡು.

1991ರ ಜುಲೈ ಬಂತು. ದೇಶದ ಬಳಿ ಇದ್ದ ವಿದೇಶಿ ವಿನಿಮಯ ಎರಡು ವಾರದ ಆಮದಿಗಷ್ಟೇ ಸಾಲುವ ಸ್ಥಿತಿ. ಚಿನ್ನವನ್ನು ಹೊರದೇಶದಲ್ಲಿ ಒತ್ತೆ ಇಟ್ಟ ಸುದ್ದಿ. ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿಯ ಬೆಲೆ ಇಳಿಸಿದರು. 21 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ 26ರ ಹತ್ತಿರಕ್ಕೆ ಬಂದು ನಿಂತಿತು. 1966ರ ಜೂನ್‌ನಲ್ಲಿ 4.76ರಿಂದ 7.50ಕ್ಕೆ ಹೋದದ್ದನ್ನು ಕಂಡಿದ್ದ ರಾಯರು, ಪೇಟೆಯಲ್ಲಿ ತಾನಾಗಿ ಇಳಿದರೆ ‘ಡಿಪ್ರಿಸಿಯೇಷನ್’, ಸರ್ಕಾರ ಕೂತು ಇಳಿಸಿದರೆ ‘ಡಿವ್ಯಾಲ್ಯುಯೇಷನ್’ ಎಂದು ವಿಂಗಡಿಸಿ ಹೇಳಿದರು. ಜುಲೈ 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು. ಫಿಸ್ಕಲ್ ಡೆಫಿಸಿಟ್, ಬ್ಯಾಲೆನ್ಸ್ ಆಫ್ ಪೇಮೆಂಟ್ಸ್, ಲಿಬರಲೈಸೇಷನ್, ಕನ್ವರ್ಟಿಬಿಲಿಟಿ: ಪದಗಳು ಮಳೆಗಾಲದ ನೇತ್ರಾವತಿಯ ಹಾಗೆ ನುಗ್ಗಿ ಬಂದವು. ಕನ್ನಡ ಪತ್ರಿಕೆಗಳು ಅಪಮೌಲ್ಯ, ವಿತ್ತೀಯ ಕೊರತೆ, ಉದಾರೀಕರಣ ಎಂದು ದಿನದಿನವೂ ಎದುರು ಪದ ಕೊಡುತ್ತಿದ್ದವು. ಸುದ್ದಿಮನೆಯಲ್ಲಿ ರಾತ್ರಿ ಕೂತು ಆ ಕೆಲಸ ಮಾಡಿದವರಿಗೆ ನಾಡು ಋಣಿಯಾಗಿರಬೇಕು.

ನಮ್ಮ ಕಚೇರಿಯಲ್ಲಿ ಮೊದಲ ದಿನ ಖುಷಿ. ಡಾಲರ್ ಲೆಕ್ಕದ ಹಳೆಯ ಕರಾರುಗಳಿಗೆ ಈಗ ಹೆಚ್ಚು ರೂಪಾಯಿ ಬರುತ್ತದೆ. ಆದರೆ ಮಂಗಳೂರಿನ ಗೇರು ಕಾರ್ಖಾನೆಗಳು ಕಚ್ಚಾ ಬೀಜಕ್ಕೆ ಊರಿನ ಗುಡ್ಡಗಳನ್ನು ಮಾತ್ರ ನೆಚ್ಚಿಕೊಂಡಿಲ್ಲ. ಆಫ್ರಿಕಾದ ಬೀಜವೂ ಹಡಗಿನಲ್ಲಿ ಬರುತ್ತದೆ, ಅದಕ್ಕೆ ತೆರಬೇಕಾದ್ದೂ ಡಾಲರೇ. ರಫ್ತಿನಲ್ಲಿ ಸಿಕ್ಕದ್ದರಲ್ಲಿ ಒಂದು ಪಾಲು ಆಮದಿನಲ್ಲಿ ಹೋಯಿತು. ರಫ್ತುದಾರರಿಗೆ ಸಿಗುತ್ತಿದ್ದ ನಗದು ನೆರವು ಅದೇ ತಿಂಗಳು ನಿಂತಿತು, ಬದಲಿಗೆ ‘ಎಕ್ಸಿಮ್ ಸ್ಕ್ರಿಪ್’ ಎಂಬ ಚೀಟಿ ಬಂತು. ಅದು ಪೇಟೆಯಲ್ಲಿ ಮಾರಾಟವಾಗುವ ಆಮದಿನ ಹಕ್ಕುಪತ್ರ. 1992ರ ಮಾರ್ಚ್‌ನಲ್ಲಿ ಅದೂ ಹೋಗಿ, ಗಳಿಸಿದ ಡಾಲರಿನ ಶೇ 60ಕ್ಕೆ ಪೇಟೆ ದರ, ಶೇ 40ಕ್ಕೆ ಸರ್ಕಾರಿ ದರ ಎಂಬ ಇಬ್ಬಗೆಯ ಪದ್ಧತಿ. ಮರುವರ್ಷ ಎರಡೂ ಒಂದಾದವು. ಇಷ್ಟನ್ನೂ ಕಾರ್ಖಾನೆಯ ಮೇಸ್ತ್ರಿಗಳಿಗೆ, ಹಳ್ಳಿಗಳಿಂದ ಬೀಜ ತರುವ ವ್ಯಾಪಾರಿಗಳಿಗೆ ಕನ್ನಡದಲ್ಲೂ ತುಳುವಿನಲ್ಲೂ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. “ರೂಪಾಯಿ ಇಳಿದರೆ ನಮ್ಮ ಬೀಜಕ್ಕೆ ಎಂಥ ಆಗ್ತದೆ ಹೇಳಿ” ಎಂದು ಕೇಳುವವರಿಗೆ ವ್ಯಾಖ್ಯೆ ಬೇಡ, ತಮ್ಮ ಮೂಟೆಯ ಲೆಕ್ಕ ಬೇಕು. ಅವರಿಗೆ ತೃಪ್ತಿಯಾಗುವಂತೆ ಹೇಳಲು ಬಂದ ದಿನ, ಆರ್ಥಿಕ ಪತ್ರಿಕೆಗಳ ಸಂಪಾದಕೀಯವನ್ನು ತಡೆಯಿಲ್ಲದೆ ಓದುವುದಕ್ಕೂ ಬಂತು. ಎರಡೂ ಒಟ್ಟಿಗೆ ಬೆಳೆದವು.

ಈಗ ಕೆಲಸದಿಂದ ಬಿಡುವು. ಸಂಜೆ ಹೊತ್ತು ನೆರೆಹೊರೆಯ ಪಿಯುಸಿ, ಬಿ.ಕಾಂ. ಮಕ್ಕಳು ಬಂದು ಕೂರುತ್ತಾರೆ. ಅವರ ಕೈಯಲ್ಲಿ ಫೋನಿದೆ, ಯಾವ ಪದದ ಅರ್ಥವನ್ನಾದರೂ ಕ್ಷಣದಲ್ಲಿ ತೆಗೆಯುತ್ತಾರೆ. ಆದರೂ ತೊಡಕುವುದು ಅದೇ ಹಳೆಯ ಜಾಗಗಳಲ್ಲಿ. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 6.50ರಿಂದ 6.25ಕ್ಕೆ ಇಳಿಸಿದಾಗ ‘ಕಾಲು ಪರ್ಸೆಂಟ್ ಇಳಿಯಿತು’ ಎಂದರು. ನಾನು ಅವರಿಂದ ಲೆಕ್ಕ ಮಾಡಿಸಿದೆ. ಇಳಿದದ್ದು ಕಾಲು ‘ಪರ್ಸೆಂಟೇಜ್ ಪಾಯಿಂಟ್’, ಬ್ಯಾಂಕಿನವರ ಮಾತಿನಲ್ಲಿ 25 ಬೇಸಿಸ್ ಪಾಯಿಂಟ್, 6.50ರಲ್ಲಿ 0.25 ಎಂದರೆ ಹೆಚ್ಚುಕಡಿಮೆ ನಾಲ್ಕು ಪರ್ಸೆಂಟ್. ಹಣದುಬ್ಬರ ಇಳಿಯಿತು ಎಂಬ ಸುದ್ದಿ ಓದಿ, “ಹಾಗಾದರೆ ಬೇಳೆ ಯಾಕೆ ಅಗ್ಗ ಆಗಲಿಲ್ಲ?” ಎಂದು ಒಬ್ಬಳು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ನೂರು ರೂಪಾಯಿಯ ಬೇಳೆ ಒಂದು ವರ್ಷದಲ್ಲಿ 108 ಆಯಿತು, ಮರುವರ್ಷ 112 ಆಯಿತು ಎನ್ನೋಣ. ಏರುವ ವೇಗ ಶೇ 8ರಿಂದ ಶೇ 4ರ ಕೆಳಗೆ ಬಂತು, ಬೆಲೆ ಮಾತ್ರ ಏರುತ್ತಲೇ ಇದೆ. ಮಿಲಿಯನ್, ಬಿಲಿಯನ್ನಿಗೆ ಒಂದೇ ಸೂತ್ರ ಹೇಳಿದ್ದೇನೆ: ಮಿಲಿಯನ್ ಎಂದರೆ ಹತ್ತು ಲಕ್ಷ, ಬಿಲಿಯನ್ ಎಂದರೆ ನೂರು ಕೋಟಿ. ಇವು ಸಣ್ಣ ವಿಷಯ ಎಂದು ಯಾರೂ ಹೇಳಬಾರದು. ಇಷ್ಟು ಸ್ಪಷ್ಟವಾಗಿರುವವರನ್ನು ದುಡ್ಡಿನ ವಿಷಯದಲ್ಲಿ ಮಾತಿನಿಂದ ಮೋಸ ಮಾಡುವುದು ಕಷ್ಟ.

ಕಾಮರ್ಸ್, ಅರ್ಥಶಾಸ್ತ್ರ ಕಲಿಸುವ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹವಿದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ಕೈಗೆ ಪದಗಳ ಪಟ್ಟಿ ಕೊಡಬೇಡಿ. ಒಂದು ಪಾಸ್‌ಬುಕ್ಕು, ಒಂದು ಜಿಎಸ್‌ಟಿ ಬಿಲ್ಲು, ಮಂಡಿಯಲ್ಲಿ ಕೊಟ್ಟ ಒಂದು ಪಟ್ಟಿ, ಸೊಸೈಟಿಯ ಒಂದು ಸಾಲಪತ್ರ ತಂದು ಮೇಜಿನ ಮೇಲೆ ಹರಡಿ. ಅವರ ಮನೆಯಲ್ಲಿ ಆ ಕಾಗದದ ಬಗ್ಗೆ ಏನು ಮಾತು ನಡೆಯುತ್ತದೆ ಎಂದು ಕನ್ನಡದಲ್ಲಿ ಕೇಳಿ, ಆಮೇಲೆ ಇಂಗ್ಲಿಷಿಗೆ ಬನ್ನಿ. ಒಬ್ಬರೇ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಇನ್ನೂ ಒಂದು ದಾರಿ ಇದೆ. ನಮ್ಮ ರಾಜ್ಯದ ಬಜೆಟ್ ಭಾಷಣ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪ್ರಕಟವಾಗುತ್ತದೆ. ರಾಜಸ್ವ ಕೊರತೆ, ಬಂಡವಾಳ ವೆಚ್ಚ, ಸಾಲದ ಮರುಪಾವತಿ, ಸಹಾಯಧನ, ಎಲ್ಲವೂ ಎರಡು ಭಾಷೆಯಲ್ಲಿ, ನಿಮ್ಮದೇ ಜಿಲ್ಲೆಯ ರಸ್ತೆ, ಆಸ್ಪತ್ರೆ, ಹಾಲಿನ ಪ್ರೋತ್ಸಾಹಧನದ ಉದಾಹರಣೆಯೊಂದಿಗೆ ಅಲ್ಲಿವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ದಿನಕ್ಕೆ ಒಂದು ಪುಟ ಓದಿ. ಹಣಕಾಸು ಇಲಾಖೆಯ ಜಾಲತಾಣದಲ್ಲಿ ಅವು ಪುಕ್ಕಟೆಯಾಗಿ ಸಿಗುತ್ತವೆ.